ಕ್ರಿಯಾ ಯೋಜನೆಯ ಹಂಚಿಕೆ ಕಡತ: ಅನುಮತಿಯ ಪರಿಶೀಲನೆ ಮೊದಲ ದಿನವೇ ಆಗಲಿ

ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಕರಡು ಈಗ ಅನೇಕ ಪಂಚಾಯಿತಿಗಳಲ್ಲಿ ಕಾಗದದ ಮೇಲೆ ಸಿದ್ಧವಾಗುತ್ತಿಲ್ಲ. ವಾರ್ಡ್ ಸಭೆಗಳಲ್ಲಿ ಬಂದ ಬೇಡಿಕೆಗಳು ಮೊದಲು ಸೇರುವುದು ಒಂದು ಗೂಗಲ್ ಶೀಟ್‌ಗೆ. ಅದರ ಲಿಂಕ್ ಸದಸ್ಯರ ವಾಟ್ಸಾಪ್ ಗುಂಪಿಗೆ ಬರುತ್ತದೆ. ಸದಸ್ಯರು, ಕಾರ್ಯದರ್ಶಿ, ಡಾಟಾ ಎಂಟ್ರಿ ಆಪರೇಟರ್, ಕರವಸೂಲಿಗಾರರು ಹಾಗೂ ಕಿರಿಯ ಇಂಜಿನಿಯರ್ ತಮ್ಮ ತಮ್ಮ ವಿವರಗಳನ್ನು ಅದೇ ಕಡತದಲ್ಲಿ ಬರೆಯಬೇಕೆಂಬುದು ಉದ್ದೇಶ. ಗ್ರಾಮ ಸಭೆಯ ಅನುಮೋದನೆ ದೊರೆತ ಬಳಿಕವಷ್ಟೇ ಕಾಮಗಾರಿಗಳು ಅಧಿಕೃತ ತಂತ್ರಾಂಶದಲ್ಲಿ ದಾಖಲಾಗುತ್ತವೆ. ಆದುದರಿಂದ ತಂತ್ರಾಂಶದೊಳಗೆ ಏನು ಸೇರಬೇಕು, ಏನು ಹೊರಗುಳಿಯಬೇಕು ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಈ ಕರಡು ಕಡತದಲ್ಲಿಯೇ.

ಪಂಚತಂತ್ರ, ಇ-ಸ್ವತ್ತು, ಇ-ಗ್ರಾಮ ಸ್ವರಾಜ್ ಮೊದಲಾದ ತಂತ್ರಾಂಶಗಳಲ್ಲಿ ಯಾರು ಏನು ಮಾಡಬಹುದೆಂಬುದನ್ನು ಸರ್ಕಾರವೇ ಗೊತ್ತುಪಡಿಸಿದೆ. ಅಲ್ಲಿ ಲಾಗಿನ್ ಇದೆ, ಡಿಜಿಟಲ್ ಸಹಿಯ ಕೀ ಇದೆ. ಹಣ ಪಾವತಿಯಾಗಬೇಕಾದರೆ ಒಬ್ಬರ ಸಹಿ ಸಾಲದು. ಹಂಚಿಕೆ ಕಡತಕ್ಕೆ ಇಂತಹ ಕಾವಲು ಯಾವುದೂ ಇಲ್ಲ. ಅದನ್ನು ತೆರೆದವರು ‘ಶೇರ್’ ಎಂಬ ಗುಂಡಿಯನ್ನು ಒತ್ತಿ ಯಾವ ಅನುಮತಿಯನ್ನು ಕೊಟ್ಟರೋ ಅದೇ ಅಲ್ಲಿನ ನಿಯಮ. ಕೆಲಸ ಆರಂಭಿಸುವ ಅವಸರದಲ್ಲಿ ಆ ಅನುಮತಿಯನ್ನು ಯಾರೂ ಗಮನಿಸುವುದಿಲ್ಲ. ಅದು ಗಮನಕ್ಕೆ ಬರುವುದು ಕೊನೆಯ ದಿನ, ಯಾರಿಗೋ ಕಡತ ತೆರೆಯದೇ ಹೋದಾಗ.

ಒಂದು ಪಂಚಾಯಿತಿಯಲ್ಲಿ ನಡೆದುದನ್ನು ಹೆಸರು ಹೇಳದೆ ಇಲ್ಲಿ ವಿವರಿಸುತ್ತೇನೆ. ವಾರ್ಡ್‌ವಾರು ಕಾಮಗಾರಿಗಳ ಶೀಟ್ ಸಿದ್ಧವಾಗಿತ್ತು. ಗ್ರಾಮ ಸಭೆಗೆ ಹತ್ತು ದಿನ ಮುಂಚಿತವಾಗಿಯೇ ಲಿಂಕ್ ಕಳುಹಿಸಲಾಗಿತ್ತು. ಕಳುಹಿಸಿದ ಲಿಂಕ್‌ನಲ್ಲಿ ನೋಡುವ ಅನುಮತಿ ಮಾತ್ರ ಇತ್ತು, ಬರೆಯುವ ಅನುಮತಿ ಇರಲಿಲ್ಲ. ಆಪರೇಟರ್ ಜೊತೆ ಕಚೇರಿಯಲ್ಲಿ ಕುಳಿತು ಹೇಳಿ ಬರೆಸಿದ ಸದಸ್ಯರ ವಾರ್ಡ್‌ಗಳು ತುಂಬಿದವು. ಒಬ್ಬ ಸದಸ್ಯೆ ಮಾತ್ರ ಫೋನಿನಲ್ಲಿ ಕಡತ ತೆರೆದು, ಬರೆಯಲು ಆಗದಿದ್ದಾಗ, ತಮ್ಮ ವಾರ್ಡಿನ ಕಾಲೋನಿಗೆ ಕುಡಿಯುವ ನೀರಿನ ಪೈಪ್‌ಲೈನ್ ವಿಸ್ತರಣೆಯ ಬೇಡಿಕೆಯನ್ನು ವಾಟ್ಸಾಪ್ ಗುಂಪಿನಲ್ಲಿಯೇ ಬರೆದು ಹಾಕಿದರು. ಆ ಸಂದೇಶ ಶುಭಾಶಯಗಳ ಹಾಗೂ ಶ್ರದ್ಧಾಂಜಲಿಗಳ ನಡುವೆ ಎಲ್ಲೋ ಮೇಲಕ್ಕೆ ಸರಿದುಹೋಯಿತು. ಕಿರಿಯ ಇಂಜಿನಿಯರ್ ಅಂದಾಜು ಪಟ್ಟಿ ತಯಾರಿಸಿದ್ದು ಶೀಟ್‌ನಲ್ಲಿ ಇದ್ದ ಕಾಮಗಾರಿಗಳಿಗೆ. ಗ್ರಾಮ ಸಭೆಯಲ್ಲಿ ಪಟ್ಟಿಯನ್ನು ಓದುವಾಗ ಕಾಲೋನಿಯ ನಿವಾಸಿಗಳು ಎದ್ದು ನಿಂತು ಕೇಳಿದರು. ಬೇಡಿಕೆಯನ್ನು ನಡವಳಿಯಲ್ಲಿ ಸೇರಿಸಿಕೊಳ್ಳಲಾಯಿತು; ಆದರೆ ಅಂದಾಜು ಇಲ್ಲದ, ಅನುದಾನದ ಲೆಕ್ಕದಲ್ಲಿ ಸೇರದ ಕಾಮಗಾರಿ ಆ ವರ್ಷ ಆಗಲಿಲ್ಲ. ಬೇಸಿಗೆಯಲ್ಲಿ ಆ ಬೀದಿಗೆ ಟ್ಯಾಂಕರ್ ನೀರೇ ಗತಿಯಾಯಿತು.

ಆ ಪಂಚಾಯಿತಿಯಲ್ಲಿ ಯಾರೂ ದುರುದ್ದೇಶದಿಂದ ಏನನ್ನೂ ಮಾಡಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ನಮ್ಮ ರಾಜ್ಯದಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯರು ಇರುತ್ತಾರೆ. ಒಬ್ಬ ಸದಸ್ಯರಿಗೆ ಕಡತದಲ್ಲಿ ಬರೆಯಲು ಆಗದಿದ್ದರೆ ಆ 400 ಜನರ ಮಾತು ಅಷ್ಟರಮಟ್ಟಿಗೆ ಯೋಜನೆಯಿಂದ ಹೊರಗೆ ಉಳಿದಂತೆ.

ಗೂಗಲ್ ಕಡತಗಳಲ್ಲಿ ಅನುಮತಿ ಮೂರು ಬಗೆಯದು. ‘ವ್ಯೂವರ್’ ಎಂದರೆ ನೋಡಬಹುದು, ಬರೆಯುವಂತಿಲ್ಲ. ‘ಕಾಮೆಂಟರ್’ ಎಂದರೆ ಮೂಲ ಬರಹವನ್ನು ಮುಟ್ಟದೆ ಪಕ್ಕದಲ್ಲಿ ಟಿಪ್ಪಣಿ ಸೇರಿಸಬಹುದು. ಕಚೇರಿ ಕಡತದ ಟಿಪ್ಪಣಿ ಹಾಳೆಯಲ್ಲಿ ಅಭಿಪ್ರಾಯ ಬರೆದಂತೆ. ‘ಎಡಿಟರ್’ ಎಂದರೆ ಬರೆಯಬಹುದು, ತಿದ್ದಬಹುದು, ಅಳಿಸಲೂಬಹುದು. ಈ ಮೂವರ ಮೇಲೆ ‘ಓನರ್’, ಅಂದರೆ ಕಡತದ ಒಡೆಯರು. ಕಡತ ಯಾವ ಖಾತೆಯಲ್ಲಿ ಹುಟ್ಟಿತೋ ಆ ಖಾತೆಯವರು.

ಅನುಮತಿಯನ್ನು ಕೊಡುವ ದಾರಿಯೂ ಎರಡು. ಮೊದಲನೆಯದರಲ್ಲಿ ಕಡತವನ್ನು ‘ರಿಸ್ಟ್ರಿಕ್ಟೆಡ್’ ಎಂದು ಇರಿಸಿ, ಒಬ್ಬೊಬ್ಬರ ಇಮೇಲ್ ವಿಳಾಸವನ್ನು ಸೇರಿಸಿ ಅವರವರಿಗೆ ತಕ್ಕ ಅನುಮತಿಯನ್ನು ಕೊಡಲಾಗುತ್ತದೆ. ಎರಡನೆಯದು ‘ಎನಿವನ್ ವಿತ್ ದಿ ಲಿಂಕ್’. ಲಿಂಕ್ ಯಾರ ಕೈಗೆ ಸಿಕ್ಕಿದರೂ ಅವರಿಗೆ ಬಾಗಿಲು ತೆರೆಯುತ್ತದೆ. ಎರಡನೆಯದು ಸುಲಭವಾದ ಕಾರಣ ಹೆಚ್ಚು ಬಳಕೆಯಲ್ಲಿದೆ. ನೋಡುವ ಅನುಮತಿಗೆ ಮಾತ್ರ ಆ ದಾರಿಯನ್ನು ಹಿಡಿದರೆ ಕಾಮಗಾರಿ ಪಟ್ಟಿಯ ವಿಷಯದಲ್ಲಿ ನನ್ನ ಆಕ್ಷೇಪಣೆ ಇಲ್ಲ. ಆ ಪಟ್ಟಿ ಊರಿನವರೆಲ್ಲರೂ ನೋಡಬೇಕಾದದ್ದೇ. ಬರೆಯುವ ಅನುಮತಿಯನ್ನು ಹಾಗೆ ಕೊಟ್ಟರೆ ಮಾತು ಬೇರೆ. ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಲಿಂಕ್ ಆ ಗುಂಪಿನಲ್ಲಿಯೇ ಉಳಿಯುತ್ತದೆಂದು ನಂಬುವುದು ಕಷ್ಟ. ಖಾತೆಗೆ ಸೈನ್ ಇನ್ ಆಗದೆ ಕಂಪ್ಯೂಟರ್‌ನಿಂದ ಬಂದವರು ತಿದ್ದಿದರೆ ಅವರ ಹೆಸರು ಕಡತದ ಚರಿತ್ರೆಯಲ್ಲಿ ದಾಖಲಾಗುವುದಿಲ್ಲ, ಅನಾಮಧೇಯರೆಂದು ಮಾತ್ರ ಕಾಣುತ್ತದೆ. ಆದ್ಯತಾ ಕ್ರಮದಲ್ಲಿ 3ನೆಯದಾಗಿದ್ದ ಚರಂಡಿ 11ನೆಯದಾದರೆ ಯಾರನ್ನು ಕೇಳುವುದು?

ಹಾಗಾದರೆ ಮೊದಲ ದಿನ ಮಾಡಬೇಕಾದದ್ದೇನು? ‘ಎಲ್ಲರಿಗೂ ಲಿಂಕ್ ಬಂತೇ’ ಎಂದು ಗುಂಪಿನಲ್ಲಿ ಕೇಳಿ, ಹೆಬ್ಬೆರಳಿನ ಚಿಹ್ನೆಗಳನ್ನು ಎಣಿಸುವುದು ಪರಿಶೀಲನೆಯಲ್ಲ. ಲಿಂಕ್ ಬರುವುದು, ಕಡತ ತೆರೆಯುವುದು, ಅದರಲ್ಲಿ ಬರೆಯಲಾಗುವುದು ಮೂರೂ ಬೇರೆ ಬೇರೆ ಸಂಗತಿಗಳು. ಕಡತ ತೆರೆದು ಕಣ್ಣಿಗೆ ಕಂಡರೆ ಎಲ್ಲವೂ ಸರಿಯಾಗಿದೆ ಎಂದೇ ಯಾರಿಗಾದರೂ ಅನಿಸುತ್ತದೆ. ಮೇಲೆ ಹೇಳಿದ ಪಂಚಾಯಿತಿಯಲ್ಲಿ ಆದದ್ದೂ ಅದೇ.

ನಾವು ಅನುಸರಿಸುತ್ತಿರುವ ಕ್ರಮ ಸರಳವಾಗಿದೆ. ಶೀಟ್‌ನ ಮೊದಲ ಪುಟಕ್ಕೆ ‘ಪರಿಶೀಲನೆ’ ಎಂದು ಹೆಸರಿಟ್ಟು, ಅದರಲ್ಲಿ ಪ್ರತಿ ಸದಸ್ಯರ ಹಾಗೂ ಸಿಬ್ಬಂದಿಯ ಹೆಸರಿನ ಮುಂದೆ ಒಂದು ಖಾಲಿ ಅಂಕಣವನ್ನು ಬಿಡಲಾಗುತ್ತದೆ. ಯೋಜನೆಯ ಕೆಲಸ ಆರಂಭವಾಗುವ ಮೊದಲ ಸಾಮಾನ್ಯ ಸಭೆಯಲ್ಲಿ, ಎಲ್ಲರೂ ಕುಳಿತಿರುವಾಗಲೇ, ಪ್ರತಿಯೊಬ್ಬರೂ ತಮ್ಮದೇ ಫೋನಿನಿಂದ ತಮ್ಮ ಹೆಸರಿನ ಮುಂದೆ ತಮ್ಮ ವಾರ್ಡಿನ ಒಂದು ಬೀದಿಯ ಹೆಸರನ್ನು ಕನ್ನಡದಲ್ಲಿ ಬರೆಯಬೇಕು. ಬರೆದದ್ದು ಕಚೇರಿಯ ಕಂಪ್ಯೂಟರ್ ಪರದೆಯ ಮೇಲೆ ಕಾಣಿಸಿಕೊಂಡರೆ ಆ ಸದಸ್ಯರ ಮಟ್ಟಿಗೆ ಪರಿಶೀಲನೆ ಮುಗಿಯಿತು. ಕಾಣಿಸದಿದ್ದರೆ ಕಾರಣವನ್ನು ಅಲ್ಲಿಯೇ ಹುಡುಕಬಹುದು. ಇಷ್ಟಕ್ಕೆ ಅರ್ಧ ಗಂಟೆ ಬೇಕಾಗುತ್ತದೆ. ಸಭೆಯ ಕಾರ್ಯಸೂಚಿಯಲ್ಲಿಯೇ ಒಂದು ವಿಷಯವಾಗಿ ಸೇರಿಸಿದರೆ ಯಾರೂ ಇದನ್ನು ಅಧಿಕ ಪ್ರಸಂಗವೆಂದು ತಿಳಿಯುವುದಿಲ್ಲ.

ಕನ್ನಡದಲ್ಲಿ ಬರೆಯಬೇಕೆಂದದ್ದಕ್ಕೆ ಕಾರಣವಿದೆ. ಕಚೇರಿಯ ಕಂಪ್ಯೂಟರ್‌ನಲ್ಲಿ ನುಡಿಯ ಹಳೆಯ ಅಕ್ಷರ ಶೈಲಿಯಲ್ಲಿ ಬೆರಳಚ್ಚು ಮಾಡಿದ್ದು ಫೋನಿನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಬರೆದದ್ದು ಎರಡೂ ಕಡೆ ಸರಿಯಾಗಿ ಕಾಣುತ್ತದೆ. ಇದು ಅನುಮತಿಗೆ ಸಂಬಂಧಿಸಿದ್ದಲ್ಲವಾದರೂ ಅದೇ ಪರೀಕ್ಷೆಯಲ್ಲಿ ಗೊತ್ತಾಗುವ ದೋಷ.

ಅನುಮತಿ ಕೊಟ್ಟಿದ್ದರೂ ಕಡತ ತೆರೆಯದಿರುವುದಕ್ಕೆ ಸಾಮಾನ್ಯ ಕಾರಣ ಖಾತೆಯ ಗೊಂದಲ. ಒಂದೇ ಫೋನಿನಲ್ಲಿ ಎರಡು ಮೂರು ಗೂಗಲ್ ಖಾತೆಗಳಿರುತ್ತವೆ: ಫೋನ್ ಕೊಂಡ ಅಂಗಡಿಯವರು ತೆರೆದುಕೊಟ್ಟದ್ದು ಒಂದು, ಮಗ ಕಾಲೇಜು ಅರ್ಜಿಗೆಂದು ತೆರೆದದ್ದು ಇನ್ನೊಂದು. ಸದಸ್ಯರು ಕೊಟ್ಟ ಇಮೇಲ್ ಒಂದಾಗಿದ್ದು, ಫೋನ್ ಕಡತವನ್ನು ತೆರೆಯಲು ಹೊರಟ ಖಾತೆ ಮತ್ತೊಂದಾಗಿದ್ದರೆ ‘ರಿಕ್ವೆಸ್ಟ್ ಆಕ್ಸೆಸ್’ ಎಂಬ ಪುಟ ಎದುರಾಗುತ್ತದೆ. ಶೀಟ್ಸ್ ಆ್ಯಪ್‌ನ ಮೇಲ್ತುದಿಯಲ್ಲಿರುವ ದುಂಡನೆಯ ಗುರುತನ್ನು ಒತ್ತಿ ಸರಿಯಾದ ಖಾತೆಯನ್ನು ಆರಿಸಿಕೊಂಡರೆ ತೊಂದರೆ ತೀರುತ್ತದೆ. ಹಾಗೆ ಮಾಡದೆ ‘ರಿಕ್ವೆಸ್ಟ್’ ಒತ್ತಿದರೆ ಕೋರಿಕೆಯು ಕಡತದ ಒಡೆಯರ ಇಮೇಲ್‌ಗೆ ಹೋಗುತ್ತದೆ. ನಮ್ಮ ಕಚೇರಿಗಳಲ್ಲಿ ವಾಟ್ಸಾಪ್ ಗಂಟೆಗೆ ಹತ್ತು ಬಾರಿ ತೆರೆಯುತ್ತದೆ, ಇಮೇಲ್ ವಾರಕ್ಕೊಮ್ಮೆ ತೆರೆದರೆ ಹೆಚ್ಚು. ಕೋರಿಕೆ ಕಳುಹಿಸಿದ ಸದಸ್ಯರು ದೂರವಾಣಿ ಕರೆ ಮಾಡಿಯೂ ತಿಳಿಸುವುದು ಮೇಲು.

ಇನ್ನೊಂದು ಸಂಗತಿಯನ್ನು ಸ್ವಲ್ಪ ಸಂಕೋಚದಿಂದಲೇ ಹೇಳಬೇಕಾಗಿದೆ. ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಅನುಮತಿ ಪಟ್ಟಿಯನ್ನು ತೆರೆದು ನೋಡಿದರೆ ಸದಸ್ಯೆಯರ ಹೆಸರಿನ ಮುಂದೆ ಹಲವೆಡೆ ಪತಿಯ, ಮೈದುನನ ಅಥವಾ ಮಗನ ಇಮೇಲ್ ವಿಳಾಸ ಇರುತ್ತದೆ. ಕೇಳಿದರೆ ‘ಅವರ ಹತ್ತಿರ ಇಮೇಲ್ ಇಲ್ಲ ಸರ್’ ಎಂಬ ಉತ್ತರ ಬರುತ್ತದೆ. ಸಭೆಯಲ್ಲಿ ಸದಸ್ಯೆಯ ಕುರ್ಚಿಯಲ್ಲಿ ಪತಿ ಕೂರುವಂತಿಲ್ಲ ಎಂಬುದು ಎಲ್ಲರಿಗೂ ತಿಳಿದಿದೆ. ಕಡತದಲ್ಲಿ ಅವರ ಸ್ಥಾನದಿಂದ ಬರೆಯುವುದೂ ಅದಕ್ಕಿಂತ ಬೇರೆಯಲ್ಲ ಎಂಬುದು ನನ್ನ ಅಭಿಪ್ರಾಯ. ಸದಸ್ಯೆಯ ಹೆಸರಿನಲ್ಲಿಯೇ ಖಾತೆ ತೆರೆದುಕೊಡಲು ಆಪರೇಟರ್‌ಗೆ ಹತ್ತು ನಿಮಿಷ ಸಾಕು. ಸ್ಮಾರ್ಟ್‌ಫೋನ್ ಇಲ್ಲದ ಸದಸ್ಯರು ಪಂಚಾಯಿತಿ ಕಚೇರಿಯ ಅಥವಾ ಅರಿವು ಕೇಂದ್ರದ ಕಂಪ್ಯೂಟರ್‌ನಿಂದ ಬರೆಯಬಹುದು. ಹಾಗೆ ಬರೆದವರು ಕೆಲಸ ಮುಗಿದ ಮೇಲೆ ಖಾತೆಯಿಂದ ಸೈನ್ ಔಟ್ ಆಗುವುದನ್ನು ಮರೆಯಬಾರದು. ಓದು ಬರಹ ಬಾರದ ಸದಸ್ಯರಿಗೆ ಕಾರ್ಯದರ್ಶಿಯವರು ಓದಿ ಹೇಳಿ, ಬರೆದು, ಆ ಸಾಲಿನಲ್ಲಿ ‘ಸದಸ್ಯರು ಹೇಳಿದಂತೆ ಬರೆಯಲಾಗಿದೆ’ ಎಂದು ನಮೂದಿಸಬಹುದು.

ಎಲ್ಲರಿಗೂ ಇಡೀ ಶೀಟ್‌ನಲ್ಲಿ ಬರೆಯುವ ಅನುಮತಿ ಬೇಕೇ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ಬೇಕಿಲ್ಲ. ಶೀಟ್‌ನಲ್ಲಿ ವಾರ್ಡಿಗೊಂದು ಪುಟ ಮಾಡಿ, ‘ಡಾಟಾ’ ಮೆನುವಿನಲ್ಲಿರುವ ‘ಪ್ರೊಟೆಕ್ಟ್ ಶೀಟ್ಸ್ ಅಂಡ್ ರೇಂಜಸ್’ ಎಂಬ ಸೌಲಭ್ಯದಿಂದ ಆಯಾ ಪುಟದಲ್ಲಿ ಆಯಾ ವಾರ್ಡಿನ ಸದಸ್ಯರು ಮತ್ತು ಕಚೇರಿ ಮಾತ್ರ ಬರೆಯುವಂತೆ ಗೊತ್ತುಪಡಿಸಬಹುದು. ಅಂದಾಜು ಮೊತ್ತದ ಅಂಕಣವನ್ನು ಇಂಜಿನಿಯರ್ ಅವರಿಗೆ ಮಾತ್ರ ಬಿಡಬಹುದು. ಇದು ಅಪನಂಬಿಕೆಯ ಮಾತಲ್ಲ. ಫೋನಿನ ಚಿಕ್ಕ ಪರದೆಯಲ್ಲಿ ಬೆರಳು ಜಾರಿ ಪಕ್ಕದ ವಾರ್ಡಿನ ಸಾಲು ಅಳಿಸಿಹೋಗುವುದು ದಿನನಿತ್ಯದ ಸಂಗತಿ. ಹಾಗೆ ಅಳಿಸಿಹೋದರೂ ಗಾಬರಿಯಾಗಬೇಕಿಲ್ಲ: ಕಂಪ್ಯೂಟರ್‌ನಲ್ಲಿ ‘ಫೈಲ್’ ಮೆನುವಿನ ‘ವರ್ಷನ್ ಹಿಸ್ಟರಿ’ ತೆರೆದರೆ ಯಾವ ದಿನ, ಎಷ್ಟು ಗಂಟೆಗೆ, ಯಾವ ಖಾತೆಯಿಂದ ಏನು ಬದಲಾಯಿತೆಂದು ಕಾಣುತ್ತದೆ, ಹಿಂದಿನ ಸ್ಥಿತಿಗೆ ಮರಳಿಸಲೂ ಬರುತ್ತದೆ. ಖಾತೆಗಳು ಅವರವರ ಹೆಸರಿನಲ್ಲಿಯೇ ಇರಲಿ ಎಂದು ಮೇಲೆ ಒತ್ತಿ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಅನುಮತಿ ವಿಳಂಬವಾದಾಗ ಆಪರೇಟರ್‌ಗಳು ಸಾಮಾನ್ಯವಾಗಿ ಹಿಡಿಯುವ ಅಡ್ಡದಾರಿ ಎಂದರೆ ಶೀಟ್ ಅನ್ನು ಎಕ್ಸೆಲ್ ಮಾಡಿ ವಾಟ್ಸಾಪ್‌ನಲ್ಲಿ ಕಳುಹಿಸಿಬಿಡುವುದು. ಅಲ್ಲಿಂದ ಮುಂದೆ ‘ಅಂತಿಮ’, ‘ಅಂತಿಮ-2’, ‘ಹೊಸ ಅಂತಿಮ ಅಧ್ಯಕ್ಷರು ಹೇಳಿದ್ದು’ ಎಂಬ ಪ್ರತಿಗಳು ಹುಟ್ಟಿಕೊಳ್ಳುತ್ತವೆ. ಯಾವ ಪ್ರತಿಯನ್ನು ಗ್ರಾಮ ಸಭೆಯ ಮುಂದೆ ಇಡಲಾಯಿತು ಎಂಬುದಕ್ಕೆ ಆಮೇಲೆ ಯಾರ ಬಳಿಯೂ ಖಚಿತ ಉತ್ತರ ಇರುವುದಿಲ್ಲ.

ಗ್ರಾಮ ಸಭೆ ಮುಗಿದ ದಿನ ಅನುಮತಿಗಳನ್ನು ಮತ್ತೊಮ್ಮೆ ನೋಡಬೇಕು, ಈ ಬಾರಿ ಕಡಿಮೆ ಮಾಡುವುದಕ್ಕೆ. ಗ್ರಾಮ ಸಭೆ ಅನುಮೋದಿಸಿದ ಪಟ್ಟಿಯನ್ನು ಅನಂತರ ಯಾರೂ, ಅಭಿವೃದ್ಧಿ ಅಧಿಕಾರಿಯೂ ಸೇರಿದಂತೆ, ಕಡತದಲ್ಲಿ ತಿದ್ದುವಂತಿರಬಾರದು. ಎಲ್ಲ ಎಡಿಟರ್‌ಗಳನ್ನು ವ್ಯೂವರ್ ಮಾಡಿ, ಪಟ್ಟಿಯ ಮುದ್ರಿತ ಪ್ರತಿಯನ್ನು ನಡವಳಿಯೊಂದಿಗೆ ಲಗತ್ತಿಸಿ, ಪಿಡಿಎಫ್ ಪ್ರತಿಯನ್ನು ಸದಸ್ಯರಿಗೆ ಕಳುಹಿಸಿದರೆ ಮುಂದೆ ‘ನಮ್ಮ ಕಾಮಗಾರಿ ಇತ್ತು, ಈಗ ಇಲ್ಲ’ ಎಂಬ ವಾದಕ್ಕೆ ಆಧಾರ ಸಹಿತ ಉತ್ತರ ಕೊಡಬಹುದು. ಕಡತದ ಒಡೆಯರಿಗೆ ತಿದ್ದುವ ಶಕ್ತಿ ಆಮೇಲೂ ಉಳಿದೇ ಇರುತ್ತದಾದ್ದರಿಂದ ಮುದ್ರಿತ ಪ್ರತಿಯೇ ಇಲ್ಲಿ ಕೊನೆಯ ಸಾಕ್ಷ್ಯ. ಸದಸ್ಯರು ಅದನ್ನು ಕೇಳಿ ಪಡೆಯಬೇಕು.

ಈಗ ಒಡೆತನದ ವಿಷಯ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗಿರುವುದು ಇದೇ. ಬಹುತೇಕ ಕಡತಗಳು ಆಪರೇಟರ್ ಅಥವಾ ಅಭಿವೃದ್ಧಿ ಅಧಿಕಾರಿಯ ಖಾಸಗಿ ಜಿಮೇಲ್ ಖಾತೆಯಲ್ಲಿ ಹುಟ್ಟುತ್ತವೆ. ಅಧಿಕಾರಿಗಳಿಗೆ ವರ್ಗಾವಣೆ ಇದ್ದದ್ದೇ. ಆಪರೇಟರ್ ಬೇರೆ ಕೆಲಸ ಸಿಕ್ಕಿ ಹೋಗಬಹುದು. ಬೀರುವಿನ ಕೀಲಿಯನ್ನು ಪ್ರಭಾರ ಪಟ್ಟಿಯಲ್ಲಿ ಬರೆದು ಹಸ್ತಾಂತರಿಸುತ್ತಾರೆ, ಕಡತವನ್ನು ಯಾರೂ ಹಸ್ತಾಂತರಿಸುವುದಿಲ್ಲ. ಒಡೆಯರು ತಮ್ಮ ಖಾತೆಯನ್ನು ಶುಚಿಗೊಳಿಸುವಾಗ ಆ ಕಡತವನ್ನು ಅಳಿಸಿದರೆ ಅದು 30 ದಿನ ಕಸದ ಬುಟ್ಟಿಯಲ್ಲಿದ್ದು ಆಮೇಲೆ ಶಾಶ್ವತವಾಗಿ ಹೋಗುತ್ತದೆ. 2 ವರ್ಷ ಬಳಸದೆ ಬಿಟ್ಟ ಖಾಸಗಿ ಖಾತೆಯನ್ನು ಅದರಲ್ಲಿರುವ ಎಲ್ಲದರೊಂದಿಗೆ ಅಳಿಸುವ ನಿಯಮವೂ ಗೂಗಲ್ ಸಂಸ್ಥೆಯಲ್ಲಿದೆ.

ಬಹಳ ಮಂದಿಗೆ ತಿಳಿಯದ ಇನ್ನೊಂದು ತೊಡಕಿದೆ. ಉಚಿತ ಖಾತೆಗೆ ಸಾಮಾನ್ಯವಾಗಿ 15 ಜಿಬಿ ಜಾಗ ಇರುತ್ತದೆ. ಇಮೇಲ್, ಫೋಟೋ, ಕಡತ ಎಲ್ಲವೂ ಸೇರುವುದು ಆ ಜಾಗದಲ್ಲಿಯೇ. ಅದು ಭರ್ತಿಯಾಗಿ ಮಿತಿ ಮೀರಿದರೆ, ಆ ಖಾತೆಯ ಒಡೆತನದಲ್ಲಿರುವ ಅಂತಹ ಕಡತಗಳನ್ನು ಒಡೆಯರು ಮಾತ್ರವಲ್ಲ, ಅನುಮತಿ ಪಡೆದ ಬೇರೆ ಯಾರೂ ತಿದ್ದಲಾಗುವುದಿಲ್ಲ. ಒಬ್ಬ ಆಪರೇಟರ್‌ನ ಮನೆಯ ಮದುವೆಯ ವಿಡಿಯೊಗಳು ಇಡೀ ಪಂಚಾಯಿತಿಯ ಕ್ರಿಯಾ ಯೋಜನೆಯನ್ನು ನಿಲ್ಲಿಸಬಲ್ಲವು ಎಂದರೆ ತಮಾಷೆಯಂತೆ ಕೇಳಿಸಬಹುದು. ಆದರೆ ವ್ಯವಸ್ಥೆ ಇರುವುದೇ ಹಾಗೆ.

ಇದಕ್ಕೆ ಪರಿಹಾರ, ಪಂಚಾಯಿತಿಯ ಹೆಸರಿನ ಖಾತೆಯಲ್ಲಿಯೇ ಕಡತವನ್ನು ಹುಟ್ಟುಹಾಕುವುದು. ಖಾತೆಯ ಮರಳಿ ಪಡೆಯುವ ಮೊಬೈಲ್ ಸಂಖ್ಯೆ ಯಾರದು ಎಂಬುದನ್ನೂ ಕೇಳಿ ತಿಳಿಯಿರಿ. ಖಾತೆ ಪಂಚಾಯಿತಿಯದಾಗಿದ್ದು, ಒಟಿಪಿ ಮಾತ್ರ ಕೆಲಸ ಬಿಟ್ಟುಹೋದ ಸಿಬ್ಬಂದಿಯ ಫೋನಿಗೆ ಬರುತ್ತಿದ್ದರೆ ಬಾಗಿಲು ನಮ್ಮದು, ಕೀಲಿ ಬೇರೆಯವರದು ಎಂದಾಗುತ್ತದೆ. ಈಗಾಗಲೇ ಖಾಸಗಿ ಜಿಮೇಲ್‌ನಲ್ಲಿರುವ ಕಡತದ ಒಡೆತನವನ್ನು ಪಂಚಾಯಿತಿಯ ಹೆಸರಿನ ಜಿಮೇಲ್ ಖಾತೆಗೆ ವರ್ಗಾಯಿಸಬಹುದು. ಹೊಸ ಖಾತೆಯವರು ಇಮೇಲ್ ತೆರೆದು ಒಪ್ಪಿಕೊಂಡ ಮೇಲಷ್ಟೇ ವರ್ಗಾವಣೆ ಪೂರ್ಣವಾಗುತ್ತದೆ. ಕೋರಿಕೆ ಕಳುಹಿಸಿ ಅಷ್ಟಕ್ಕೇ ಬಿಟ್ಟರೆ ಒಡೆತನ ಹಳೆಯವರಲ್ಲಿಯೇ ಉಳಿಯುತ್ತದೆ. ಎಡಿಟರ್ ಆದವರು ತಾವಾಗಿಯೇ ಇನ್ನೊಬ್ಬರಿಗೆ ಅನುಮತಿ ಕೊಡುವ ಸೌಲಭ್ಯವೂ ಮೊದಲಿನಿಂದಲೇ ಚಾಲ್ತಿಯಲ್ಲಿರುತ್ತದೆ. ‘ಶೇರ್’ ಪುಟದ ಮೇಲಿರುವ ಚಕ್ರದ ಗುರುತಿನೊಳಗೆ ಅದನ್ನು ತೆಗೆದುಹಾಕಬಹುದು.

ಕಾಮಗಾರಿ ಪಟ್ಟಿಗೆ ಹೇಳಿದ ಮಾತು ಫಲಾನುಭವಿಗಳ ಪಟ್ಟಿಗೆ ಅನ್ವಯಿಸುವುದಿಲ್ಲ. ಮಾಹಿತಿ ಹಕ್ಕು ಅಧಿನಿಯಮ 2005ರ ಆಶಯದಂತೆ ಕಾಮಗಾರಿ, ಅನುದಾನ, ವೆಚ್ಚದ ವಿವರಗಳನ್ನು ನಾವಾಗಿಯೇ ಜನರ ಮುಂದಿಡಬೇಕು. ವಸತಿ ಯೋಜನೆಯ ಅರ್ಜಿದಾರರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆಗಳು ಆ ಬಗೆಯವಲ್ಲ. ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು ಆಧಾರ್ ಅಧಿನಿಯಮ 2016ರ 29ನೇ ಪ್ರಕರಣವು ನಿರ್ಬಂಧಿಸಿದೆ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಸಂಸ್ಥೆಯು 2017ರ ಮೇ ತಿಂಗಳಲ್ಲಿ ಹೊರತಂದ ವರದಿಯೊಂದು, ಉದ್ಯೋಗ ಖಾತರಿ ಮತ್ತು ಸಾಮಾಜಿಕ ಭದ್ರತಾ ಪಿಂಚಣಿ ಸೇರಿದಂತೆ ಸರ್ಕಾರದ 4 ಜಾಲತಾಣಗಳಿಂದ ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳು ಯಾರಿಗಾದರೂ ಸಿಗುವಂತೆ ತೆರೆದಿದ್ದಿರಬಹುದೆಂದು ಅಂದಾಜಿಸಿತು. ಕಳ್ಳರು ಒಡೆದು ನುಗ್ಗಿದ್ದರಿಂದ ಆದದ್ದಲ್ಲ ಅದು. ಯಾರು ನೋಡಬಹುದೆಂಬುದನ್ನು ಸರಿಯಾಗಿ ಗೊತ್ತುಪಡಿಸದಿದ್ದರಿಂದ ಆದದ್ದು. ದೊಡ್ಡ ಇಲಾಖೆಗಳ ಜಾಲತಾಣಗಳ ಸ್ಥಿತಿಯೇ ಹಾಗಿದ್ದಾಗ ನಮ್ಮ ‘ಎನಿವನ್ ವಿತ್ ದಿ ಲಿಂಕ್’ ಶೀಟ್‌ಗಳ ಪಾಡೇನು!

ಆಧಾರ್ ಅಂಕಣವನ್ನು ‘ಹೈಡ್’ ಮಾಡಿ ಲಿಂಕ್ ಹಂಚುವುದು ಪರಿಹಾರವಲ್ಲ. ನೋಡುವ ಅನುಮತಿ ಮಾತ್ರ ಇದ್ದವರೂ ಕಡತದ ಪ್ರತಿ ಮಾಡಿಕೊಂಡು ಮರೆಮಾಡಿದ ಅಂಕಣವನ್ನು ತೆರೆಯಬಲ್ಲರು. ಪ್ರೊಟೆಕ್ಟ್ ಸೌಲಭ್ಯವೂ ತಿದ್ದುವುದನ್ನು ತಡೆಯುತ್ತದೆಯೇ ಹೊರತು ನೋಡುವುದನ್ನು ತಡೆಯುವುದಿಲ್ಲ. ಹೆಸರು, ಗ್ರಾಮ, ಅರ್ಜಿ ಸಂಖ್ಯೆ ಮಾತ್ರ ಇರುವ ಪಟ್ಟಿ ಒಂದು ಕಡತದಲ್ಲಿರಲಿ, ಉಳಿದ ವಿವರಗಳು ರಿಸ್ಟ್ರಿಕ್ಟೆಡ್ ಆದ ಬೇರೆಯೇ ಕಡತದಲ್ಲಿರಲಿ. ಎರಡನ್ನೂ ಒಂದೇ ಫೋಲ್ಡರ್‌ನಲ್ಲಿ ಇಡಬಾರದು. ಫೋಲ್ಡರ್‌ಗೆ ಕೊಟ್ಟ ಅನುಮತಿ ಅದರೊಳಗಿನ ಕಡತಗಳಿಗೂ ಇಳಿಯುತ್ತದೆ.

ಹಿಂದಿನ ವರ್ಷಗಳಲ್ಲಿ ಹಂಚಿದ ಲಿಂಕ್‌ಗಳು ಸದಸ್ಯರ ಹಳೆಯ ವಾಟ್ಸಾಪ್ ಸಂದೇಶಗಳಲ್ಲಿ ಇನ್ನೂ ಇರುತ್ತವೆ. ಮುಂದಿನ ಸಾಮಾನ್ಯ ಸಭೆಗೆ ಬರುವ ಮುನ್ನ ತಾವು ಅಂತಹ ಒಂದೆರಡನ್ನು ಒತ್ತಿ ನೋಡಬಹುದು. ಇಂದಿಗೂ ತೆರೆದುಕೊಂಡು, ಫಲಾನುಭವಿಗಳ ಖಾತೆ ಸಂಖ್ಯೆಗಳು ಕಾಣಿಸಿದರೆ ಅದರ ಚಿತ್ರ ತೆಗೆದು ಗುಂಪಿಗೆ ಹಾಕದೆ, ಕಾರ್ಯದರ್ಶಿ ಅಥವಾ ಅಭಿವೃದ್ಧಿ ಅಧಿಕಾರಿಗೆ ನೇರವಾಗಿ ತಿಳಿಸಿ ಲಿಂಕ್ ಮುಚ್ಚಿಸಿ.